ಲೆಕ್ಕ ಕೇಳೋಣ, ಮಾನ ಕಳೆಯದಿರೋಣ

2023ರ ನವೆಂಬರ್ 19, ಆದಿತ್ಯವಾರ. ಅಹ್ಮದಾಬಾದ್‌ನಲ್ಲಿ ವಿಶ್ವಕಪ್ ಕ್ರಿಕೆಟ್‌ನ ಫೈನಲ್ ಪಂದ್ಯ. ಆ ದಿನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟವೂ ಟಿವಿಯ ಮುಂದೆ, ಸಂಜೆಯ ಚಹಾವೂ ಟಿವಿಯ ಮುಂದೆ. ಅಕ್ಕಪಕ್ಕದ ಮನೆಯ ಹುಡುಗರೂ ಬಂದು ಸೇರಿದ್ದರು. ನಾನು ಅಡುಗೆ ಮನೆಗೂ ಹಾಲ್‌ಗೂ ಓಡಾಡುತ್ತಾ ಲೋಟಗಳನ್ನು ತುಂಬಿಸುತ್ತಿದ್ದೆ. ಒಂಬತ್ತನೇ ತರಗತಿಯಲ್ಲಿದ್ದ ನನ್ನ ಮಗ ಉಗುರು ಕಚ್ಚುತ್ತಾ ಕುಳಿತಿದ್ದ. ಕೆ.ಎಲ್. ರಾಹುಲ್ ಆಡುತ್ತಿದ್ದರು. ಸುರತ್ಕಲ್‌ನಲ್ಲಿ ಬೆಳೆದ, ನಮ್ಮ ಕರ್ನಾಟಕದ ಹುಡುಗ. ಆ ದಿನ 107 ಎಸೆತಗಳನ್ನು ಎದುರಿಸಿ ಅವರು ಗಳಿಸಿದ್ದು 66 ರನ್. ಅದರಲ್ಲಿ ಇದ್ದದ್ದು ಒಂದೇ ಒಂದು ಬೌಂಡರಿ.

ಭಾರತದ ಮೊತ್ತ 240ಕ್ಕೆ ನಿಂತಿತು. ರಾತ್ರಿ ಆಸ್ಟ್ರೇಲಿಯಾ 6 ವಿಕೆಟ್‌ಗಳಿಂದ ಗೆದ್ದಿತು. ಮಗ ರಿಮೋಟ್ ಎಸೆದು, "ಕೋಟಿ ಕೋಟಿ ಎಣಿಸಿಕೊಳ್ಳುತ್ತಾನೆ, ಒಂದು ಫೋರ್ ಹೊಡೆಯಲಿಕ್ಕೆ ಬರುವುದಿಲ್ಲ. ದುಡ್ಡು ವಾಪಸ್ ಕೊಡಲಿ" ಎಂದ. ಪಕ್ಕದ ಮನೆಯ ಹುಡುಗ ಅದಕ್ಕೆ ಒಗ್ಗರಣೆ ಹಾಕಿದ: "ಮದುವೆಯಾದ ಮೇಲೆಯೇ ಇವನ ಆಟ ಕೆಟ್ಟದ್ದು." ಎಲ್ಲರೂ ನಕ್ಕರು. ಮೂಲೆಯ ಕುರ್ಚಿಯಲ್ಲಿದ್ದ ನನ್ನ ಅತ್ತೆಗೆ ಕ್ರಿಕೆಟ್‌ನ ಗಂಧಗಾಳಿ ಇಲ್ಲ. ಅವರು ತಲೆಯೆತ್ತಿ ಕೇಳಿದರು: "ಆಡಿದ್ದು ಅವನಲ್ಲವೇ? ಅವನ ಹೆಂಡತಿ ಏನು ಮಾಡಿದಳು?"

ಯಾರೂ ಉತ್ತರಿಸಲಿಲ್ಲ. ಹುಡುಗರು ಎದ್ದು ತಮ್ಮ ತಮ್ಮ ಮನೆಗೆ ಹೋದರು. ಆದರೆ ಲೋಟ ತೊಳೆಯುತ್ತಾ ನಿಂತಿದ್ದ ನನ್ನಲ್ಲಿ ಆ ಎರಡೂ ಮಾತುಗಳು ಉಳಿದುಬಿಟ್ಟವು. ಮಗ ಕೇಳಿದ್ದರಲ್ಲಿ ತಪ್ಪೇನಾದರೂ ಇತ್ತೇ? ಇಲ್ಲ ಎನ್ನುವುದಾದರೆ, ಅತ್ತೆಯ ಪ್ರಶ್ನೆಗೆ ನಾವೆಲ್ಲ ಯಾಕೆ ತಲೆ ತಗ್ಗಿಸಿದೆವು?

ಮೊದಲು ಮಗನ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಕ್ರಿಕೆಟಿಗರು ಪಡೆಯುವ ಹಣ ಸಣ್ಣದೇನಲ್ಲ. ಭಾರತೀಯ ಕ್ರಿಕೆಟ್ ಮಂಡಳಿಯು ತನ್ನ ಆಟಗಾರರನ್ನು ದರ್ಜೆಗಳಾಗಿ ವಿಂಗಡಿಸಿ ವರ್ಷಕ್ಕಿಷ್ಟು ಎಂದು ಕೊಡುತ್ತದೆ. 2018ರಲ್ಲಿ ನಿಗದಿಯಾದ ಪ್ರಕಾರ ಎ ಪ್ಲಸ್ ದರ್ಜೆಗೆ 7 ಕೋಟಿ, ಎ ದರ್ಜೆಗೆ 5 ಕೋಟಿ, ಬಿ ದರ್ಜೆಗೆ 3 ಕೋಟಿ, ಸಿ ದರ್ಜೆಗೆ 1 ಕೋಟಿ ರೂಪಾಯಿ. 2025ರ ಏಪ್ರಿಲ್‌ನಲ್ಲಿ ಪ್ರಕಟವಾದ ಪಟ್ಟಿಯೂ ಇದೇ ದರ್ಜೆಗಳಲ್ಲಿತ್ತು. ಇದು ವರ್ಷದ ಗೌರವಧನ ಮಾತ್ರ. ಆಡಿದ ಪ್ರತಿ ಟೆಸ್ಟ್‌ಗೆ 15 ಲಕ್ಷ, ಏಕದಿನ ಪಂದ್ಯಕ್ಕೆ 6 ಲಕ್ಷ, ಟಿ20 ಪಂದ್ಯಕ್ಕೆ 3 ಲಕ್ಷ ರೂಪಾಯಿ ಬೇರೆ. ಐಪಿಎಲ್‌ನ ಹರಾಜಿನ ಹಣ ಇನ್ನೂ ಬೇರೆ. ಜಾಹೀರಾತಿನ ಹಣವಂತೂ ಲೆಕ್ಕಕ್ಕೇ ಸಿಗುವುದಿಲ್ಲ.

ಇಷ್ಟಕ್ಕೂ ಈ ಹಣ ಎಲ್ಲಿಂದ ಬರುತ್ತದೆ? ಸರಕಾರದ ಬೊಕ್ಕಸದಿಂದಲ್ಲ. 2022ರಲ್ಲಿ ಐದು ವರ್ಷಗಳ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಕೊಂಡ ಕಂಪೆನಿಗಳು ಅದನ್ನು ಜಾಹೀರಾತಿನಿಂದ ವಸೂಲು ಮಾಡುತ್ತವೆ. ಜಾಹೀರಾತು ಕೊಟ್ಟ ಕಂಪೆನಿಗಳು ಅದನ್ನು ಸಾಬೂನು, ಟೂತ್‌ಪೇಸ್ಟ್, ತಂಪು ಪಾನೀಯದ ಬೆಲೆಯಲ್ಲಿ ಸೇರಿಸುತ್ತವೆ. ತಿಂಗಳ ಸಾಮಾನಿನ ಚೀಟಿ ಬರೆಯುವವರು ಯಾರು ಸಹೋದರಿಯರೇ? ನಾವೇ. ಹಾಗಾಗಿ ಕ್ರಿಕೆಟ್ ನೋಡದ ನನ್ನ ಅತ್ತೆಯೂ ಆಟಗಾರನ ಸಂಬಳದಲ್ಲಿ ಒಂದೆರಡು ಪೈಸೆ ಪಾಲು ಕೊಟ್ಟವರೇ. ಕೊಟ್ಟವರಿಗೆ ಕೇಳುವ ಹಕ್ಕಿದೆ. ಊರಿನ ಶಾಲೆಯಲ್ಲಿ ಹತ್ತನೇ ತರಗತಿಯ ಫಲಿತಾಂಶ ಕುಸಿದರೆ ಪೋಷಕರು ನಮ್ಮಂತಹ ಟೀಚರ್‌ಗಳನ್ನು ಕೇಳುವುದಿಲ್ಲವೇ? ಕೇಳುತ್ತಾರೆ, ಕೇಳಬೇಕು. ಇನ್ನು ಕೋಟಿ ಪಡೆಯುವವರನ್ನು ಕೇಳಬಾರದು ಎನ್ನುವುದು ಯಾವ ನ್ಯಾಯ?

ಹಾಗಾಗಿ ಮಗನ ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಏನನ್ನು ಕೇಳಬೇಕು ಎಂಬಲ್ಲಿ ನಾವು ಎಡವುತ್ತೇವೆ.

ಟೈಲರ್‌ಗೆ ಬಟ್ಟೆ ಕೊಟ್ಟು ಅಳತೆ ಕೊಟ್ಟರೆ, ಹೊಲಿದದ್ದು ಸರಿಯಾಗದಿದ್ದಾಗ ತಪ್ಪು ಯಾರದ್ದೆಂದು ಹೇಳುವುದು ಸುಲಭ. ಯಾಕೆಂದರೆ ಬಟ್ಟೆ ಟೈಲರ್‌ಗೆ ಎದುರಾಡುವುದಿಲ್ಲ. ಕ್ರಿಕೆಟ್‌ನಲ್ಲಿ ಹಾಗಲ್ಲ. ಬ್ಯಾಟ್ ಹಿಡಿದವನಿಗೆ ಸಂಬಳ ಸಿಗುವಂತೆಯೇ, ಅವನನ್ನು ಔಟ್ ಮಾಡಲೆಂದೇ ಇನ್ನೊಬ್ಬನಿಗೂ ಸಂಬಳ ಸಿಗುತ್ತದೆ. ಇಬ್ಬರೂ ಒಂದೇ ಸಲ ಗೆಲ್ಲುವುದು ಸಾಧ್ಯವೇ? ಡೊನಾಲ್ಡ್ ಬ್ರಾಡ್ಮನ್‌ಗಿಂತ ದೊಡ್ಡ ಬ್ಯಾಟ್ಸ್‌ಮನ್ ಇಲ್ಲ ಎನ್ನುತ್ತಾರೆ. 1948ರ ಆಗಸ್ಟ್‌ನಲ್ಲಿ ಲಂಡನ್‌ನ ಓವಲ್ ಮೈದಾನದಲ್ಲಿ ಆಡಿದ ತನ್ನ ಕೊನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ ಅವರು ಸೊನ್ನೆಗೆ ಔಟಾದರು. 4 ರನ್ ಗಳಿಸಿದ್ದರೆ ಅವರ ಸರಾಸರಿ ಸರಿಯಾಗಿ 100 ಆಗುತ್ತಿತ್ತು. 99.94ಕ್ಕೆ ನಿಂತಿತು. ಆ ಸೊನ್ನೆಗೆ ಯಾರಾದರೂ ದಂಡ ಹಾಕಲಾದೀತೇ?

ಆದ್ದರಿಂದ ಒಂದು ದಿನದ ರನ್‌ಗೆ ಲೆಕ್ಕ ಕೇಳುವುದರಲ್ಲಿ ಅರ್ಥವಿಲ್ಲ. ಕೇಳಬೇಕಾದದ್ದು ಬೇರೆ. ಸಾಕಷ್ಟು ಸಿದ್ಧತೆ ಮಾಡಿಕೊಂಡಿದ್ದಾನೆಯೇ? ದೇಹವನ್ನು ಆಟಕ್ಕೆ ತಕ್ಕಂತೆ ಇಟ್ಟುಕೊಂಡಿದ್ದಾನೆಯೇ? ಮಂಡಳಿ ಆಡೆಂದು ಹೇಳಿದ ಸಣ್ಣ ಪಂದ್ಯಗಳಲ್ಲಿ ಆಡಿದ್ದಾನೆಯೇ? ತಿಂಗಳುಗಟ್ಟಲೆ, ವರ್ಷಗಟ್ಟಲೆ ವೈಫಲ್ಯ ಮುಂದುವರಿದಾಗ ತನ್ನ ಜಾಗವನ್ನು ಇನ್ನೊಬ್ಬನಿಗೆ ಬಿಟ್ಟುಕೊಡಲು ತಯಾರಿದ್ದಾನೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಪ್ರಾಮಾಣಿಕವಾಗಿ ಆಡುತ್ತಿದ್ದಾನೆಯೇ?

ಕೊನೆಯ ಪ್ರಶ್ನೆಯಲ್ಲಿ ಯಾರಿಗೂ ರಿಯಾಯಿತಿ ಇರಬಾರದು. 2010ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಪಾಕಿಸ್ತಾನದ ನಾಯಕ ಸಲ್ಮಾನ್ ಬಟ್, ಬೌಲರ್‌ಗಳಾದ ಮುಹಮ್ಮದ್ ಆಸಿಫ್ ಮತ್ತು ಮುಹಮ್ಮದ್ ಆಮಿರ್ ಹಣಕ್ಕಾಗಿ ಬೇಕೆಂದೇ ನೋಬಾಲ್ ಹಾಕಿದ ಪ್ರಕರಣದಲ್ಲಿ ಸಿಕ್ಕಿಬಿದ್ದರು. ಕ್ರಿಕೆಟ್‌ನಿಂದ ನಿಷೇಧವಾಯಿತು. 2011ರಲ್ಲಿ ಲಂಡನ್‌ನ ನ್ಯಾಯಾಲಯ ಮೂವರಿಗೂ ಜೈಲು ಶಿಕ್ಷೆ ವಿಧಿಸಿತು. ನೋಬಾಲ್ ಎಲ್ಲರೂ ಹಾಕುತ್ತಾರೆ. ಅದು ತಪ್ಪು ಹೆಜ್ಜೆ, ಅಷ್ಟೇ. ಮಾರಾಟ ಮಾಡಿ ಹಾಕಿದ ನೋಬಾಲ್ ಮಾತ್ರ ದ್ರೋಹ. ಅಲ್ಲಿ ಆಟಗಾರನ ಹೆಸರು ನೋಡಿ ನಾವು ಸಮರ್ಥನೆಗೆ ಇಳಿಯಬಾರದು. ಹಾಗೆಯೇ ಹೆಸರು ನೋಡಿ ಆರೋಪಕ್ಕೂ ಇಳಿಯಬಾರದು. ಈ ಮಾತಿಗೆ ಮತ್ತೆ ಬರುತ್ತೇನೆ.

ಈಗ ರಾಹುಲ್ ವಿಷಯಕ್ಕೇ ಬರೋಣ. ಮಗ ಸಿಟ್ಟಾದ ಆ ರಾತ್ರಿಗೆ ಒಂಬತ್ತು ತಿಂಗಳ ಹಿಂದೆಯೇ ಅವರಿಂದ ಲೆಕ್ಕ ಕೇಳಲಾಗಿತ್ತು ಎಂಬುದು ನಮ್ಮ ಹಾಲ್‌ನಲ್ಲಿದ್ದ ಯಾರಿಗೂ ನೆನಪಿರಲಿಲ್ಲ. 2023ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಮೊದಲೆರಡು ಟೆಸ್ಟ್‌ಗಳ ಮೂರು ಇನಿಂಗ್ಸ್‌ಗಳಲ್ಲಿ ಅವರು ಗಳಿಸಿದ್ದು 20, 17 ಮತ್ತು 1. ಆಗ ಎದ್ದು ನಿಂತು ಕೇಳಿದವರು ಕರ್ನಾಟಕದವರೇ ಆದ ಮಾಜಿ ಬೌಲರ್ ವೆಂಕಟೇಶ್ ಪ್ರಸಾದ್. ಎಂಟು ವರ್ಷ, 46 ಟೆಸ್ಟ್‌ಗಳ ನಂತರವೂ ಸರಾಸರಿ 34ರಷ್ಟಿದ್ದರೆ ಅದು ಸಾಧಾರಣ ಎಂದರು. ಇವರಿಗಿಂತ ಚೆನ್ನಾಗಿ ಆಡಿದವರು ಹೊರಗೆ ಕಾಯುತ್ತಿರುವಾಗ ಇವರಿಗೆ ಮಾತ್ರ ಮತ್ತೆ ಮತ್ತೆ ಅವಕಾಶ ಯಾಕೆ ಎಂದೂ ಕೇಳಿದರು. ನಮ್ಮ ಊರಿನವ ಎಂದು ಅವರು ಮೌನವಾಗಿರಲಿಲ್ಲ. ಮಾತು ಕಟುವಾಗಿತ್ತು, ನಿಜ. ಆದರೆ ಅದು ಆಟಗಾರನ ಆಟದ ಬಗ್ಗೆ ಇತ್ತು, ಅಂಕಿ ಅಂಶಗಳ ಮೇಲೆ ನಿಂತಿತ್ತು.

ಆಮೇಲೆ ಆದದ್ದೇನು? ರಾಹುಲ್ ಉಪನಾಯಕನ ಸ್ಥಾನ ಕಳಕೊಂಡರು. ಇಂದೋರ್‌ನ ಮೂರನೇ ಟೆಸ್ಟ್‌ನಲ್ಲಿ ಅವರ ಜಾಗದಲ್ಲಿ ಶುಭಮನ್ ಗಿಲ್ ಆಡಿದರು. ಮಾರ್ಚ್‌ನಲ್ಲಿ ಮಂಡಳಿಯ ಪಟ್ಟಿ ಬಂದಾಗ ಅವರನ್ನು ಎ ದರ್ಜೆಯಿಂದ ಬಿ ದರ್ಜೆಗೆ ಇಳಿಸಲಾಗಿತ್ತು. ಅಂದರೆ 5 ಕೋಟಿಯಿಂದ 3 ಕೋಟಿಗೆ. "ದುಡ್ಡು ವಾಪಸ್ ಕೊಡಲಿ" ಎಂದು ಮಗ ಕೂಗುವ ಮೊದಲೇ 2 ಕೋಟಿ ಕಡಿತವಾಗಿತ್ತು. ಹಾಗಂತ ಬಾಗಿಲು ಮುಚ್ಚಿರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸೆಂಚೂರಿಯನ್‌ನಲ್ಲಿ ಉಳಿದವರೆಲ್ಲ ತಡಕಾಡುತ್ತಿದ್ದಾಗ ಅವರು 101 ರನ್ ಗಳಿಸಿದರು. 2024ರ ಫೆಬ್ರವರಿಯ ಪಟ್ಟಿಯಲ್ಲಿ ಮತ್ತೆ ಎ ದರ್ಜೆಗೆ ಬಂದರು. 2025ರಲ್ಲಿ ಇಂಗ್ಲೆಂಡ್‌ನ ಐದು ಟೆಸ್ಟ್‌ಗಳಲ್ಲಿ 532 ರನ್ ಬಂತು. ಲೆಕ್ಕ ಕೇಳುವುದೆಂದರೆ ಹೀಗೆ. ತಪ್ಪನ್ನು ಅಂಕಿಯಲ್ಲಿ ತೋರಿಸುವುದು, ಅದಕ್ಕೆ ತಕ್ಕಷ್ಟೇ ಬೆಲೆ ತೆರುವಂತೆ ಮಾಡುವುದು, ಮರಳಿ ಬರುವ ದಾರಿಯನ್ನು ತೆರೆದಿಡುವುದು.

ಇದೇ ಆಟಗಾರನ ಬದುಕಿನಲ್ಲಿ ಇನ್ನೊಂದು ರೀತಿಯ ಲೆಕ್ಕವೂ ನಡೆಯಿತು. 2024ರ ಮೇ 8ರಂದು ಹೈದರಾಬಾದ್‌ನಲ್ಲಿ ಐಪಿಎಲ್ ಪಂದ್ಯ. ರಾಹುಲ್ ನಾಯಕತ್ವದ ಲಕ್ನೋ ತಂಡ 165 ರನ್ ಮಾಡಿತು. ರಾಹುಲ್ 33 ಎಸೆತಗಳಲ್ಲಿ 29. ಎದುರಾಳಿಗಳು ಹತ್ತು ಓವರ್ ಕೂಡ ಪೂರ್ತಿ ಆಡದೆ, ಒಂದೂ ವಿಕೆಟ್ ಕಳಕೊಳ್ಳದೆ ಗೆದ್ದುಬಿಟ್ಟರು. ಪಂದ್ಯ ಮುಗಿದ ಕೂಡಲೇ ತಂಡದ ಮಾಲಕ ಸಂಜೀವ್ ಗೋಯೆಂಕಾ ಮೈದಾನದ ಅಂಚಿನಲ್ಲೇ ರಾಹುಲ್‌ರನ್ನು ನಿಲ್ಲಿಸಿ ಕೈ ಬೀಸಿ ಮಾತಾಡತೊಡಗಿದರು. ಕ್ಯಾಮೆರಾಗಳು ಸುತ್ತಲೂ ಇದ್ದವು. ಮಾತು ಏನೆಂದು ಯಾರಿಗೂ ಕೇಳಿಸಲಿಲ್ಲ, ಆದರೆ ದೃಶ್ಯವನ್ನು ದೇಶವೇ ನೋಡಿತು. ವರ್ಷಕ್ಕೆ 17 ಕೋಟಿ ಕೊಡುವ ಮಾಲಕ ಪ್ರಶ್ನೆ ಕೇಳಬಾರದೆಂದು ಯಾರೂ ಹೇಳಲಾರರು. ಆದರೆ ಅದೇ ಪ್ರಶ್ನೆಯನ್ನು ಅರ್ಧ ಗಂಟೆ ತಡೆದು, ಹೋಟೆಲಿನ ಕೋಣೆಯಲ್ಲಿ ಕೇಳಬಹುದಿತ್ತಲ್ಲವೇ? ವೇಗದ ಬೌಲರ್ ಮುಹಮ್ಮದ್ ಶಮಿಯೂ ಸೇರಿದಂತೆ ಅನೇಕರು ಇದನ್ನು ಆಕ್ಷೇಪಿಸಿದರು. ಮಾಲಕರು ನಂತರ ರಾಹುಲ್‌ರನ್ನು ಮನೆಗೆ ಕರೆದು ಊಟ ಹಾಕಿದರು. ಆದರೆ ಮುಂದಿನ ವರ್ಷ ರಾಹುಲ್ ಆ ತಂಡದಲ್ಲಿರಲಿಲ್ಲ. 14 ಕೋಟಿಗೆ ಡೆಲ್ಲಿ ತಂಡಕ್ಕೆ ಹೋದರು. 2025ರ ಏಪ್ರಿಲ್‌ನಲ್ಲಿ ಲಕ್ನೋದಲ್ಲೇ, ಆ ಹಳೆಯ ತಂಡದ ವಿರುದ್ಧವೇ ಔಟಾಗದೆ 57 ರನ್ ಮಾಡಿ ಸಿಕ್ಸರ್‌ನೊಂದಿಗೆ ಪಂದ್ಯ ಮುಗಿಸಿದರು. ಲಕ್ನೋ ತಂಡ ಅವರ ಬದಲಿಗೆ 27 ಕೋಟಿ ಕೊಟ್ಟು ತಂದ ರಿಷಭ್ ಪಂತ್ ಆ ಋತುವಿನ 14 ಪಂದ್ಯಗಳಲ್ಲಿ ಗಳಿಸಿದ್ದು 269 ರನ್. ಅದರಲ್ಲೂ 118 ಬಂದದ್ದು ಕೊನೆಯ ಒಂದು ಪಂದ್ಯದಲ್ಲಿ. ಲೆಕ್ಕ ಹಾಕಿದರೆ ಒಂದು ರನ್ನಿಗೆ ಸುಮಾರು 10 ಲಕ್ಷ ರೂಪಾಯಿ! ಎಲ್ಲರ ಮುಂದೆ ಗದರಿದ್ದರಿಂದ ಮಾಲಕರಿಗೆ ಸಿಕ್ಕಿದ ಲಾಭವೇನು?

ಇನ್ನು ಅತ್ತೆಯ ಪ್ರಶ್ನೆ. ಅವನ ಹೆಂಡತಿ ಏನು ಮಾಡಿದಳು?

2015ರ ಮಾರ್ಚ್‌ನಲ್ಲಿ ಸಿಡ್ನಿಯಲ್ಲಿ ವಿಶ್ವಕಪ್ ಸೆಮಿಫೈನಲ್ ಪಂದ್ಯದಲ್ಲಿ ವಿರಾಟ್ ಕೊಹ್ಲಿ 1 ರನ್‌ಗೆ ಔಟಾದರು. ಬೈಗುಳ ತಿಂದದ್ದು ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದ ಅನುಷ್ಕಾ ಶರ್ಮ. ಆಗ ಅವರಿಬ್ಬರಿಗೂ ಮದುವೆಯೂ ಆಗಿರಲಿಲ್ಲ. ಕೊಹ್ಲಿ ಶತಕ ಹೊಡೆದಾಗ ಅದರ ಶ್ರೇಯಸ್ಸನ್ನು ಯಾರೂ ಆಕೆಗೆ ಕೊಟ್ಟಿರಲಿಲ್ಲ. ಗೆಲುವು ಗಂಡಸಿನದ್ದು, ಸೋಲು ಅವನ ಪಕ್ಕದಲ್ಲಿರುವ ಹೆಣ್ಣಿನದ್ದು. ಸಹೋದರಿಯರೇ, ಈ ಮಾತನ್ನು ನಾವು ಕ್ರಿಕೆಟ್‌ನಲ್ಲಿ ಮಾತ್ರ ಕೇಳಿದ್ದೇವೆಯೇ? ಮಗನ ಅಂಗಡಿ ನಷ್ಟಕ್ಕೆ ಬಿದ್ದರೆ "ಸೊಸೆಯ ಕಾಲ್ಗುಣ" ಎನ್ನುವ ಮನೆಗಳು ನಮ್ಮ ಓಣಿಯಲ್ಲಿ ಇಲ್ಲವೇ? ಟಿವಿಯ ಮುಂದೆ ಕುಳಿತು ಹುಡುಗರು ನಕ್ಕದ್ದು ಆಕಾಶದಿಂದ ಉದುರಿದ ಮಾತಿಗಲ್ಲ. ಅದನ್ನು ಅವರು ನಮ್ಮ ನಮ್ಮ ಮನೆಗಳಲ್ಲೇ ಕಲಿತಿದ್ದಾರೆ.

2021ರ ಅಕ್ಟೋಬರ್ 24ರಂದು ದುಬೈಯಲ್ಲಿ ನಡೆದ ಟಿ20 ವಿಶ್ವಕಪ್ ಪಂದ್ಯವನ್ನು ನೀವು ಮರೆತಿರಲಾರಿರಿ. ಭಾರತದ 151 ರನ್‌ಗಳನ್ನು ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ ದಾಟಿತು. ಅಂದರೆ ಆ ದಿನ ಭಾರತದ ಯಾವ ಬೌಲರ್‌ಗೂ ಒಂದು ವಿಕೆಟ್ ಸಿಗಲಿಲ್ಲ. ಆದರೆ ದೇಶದ್ರೋಹಿ ಎಂಬ ಪಟ್ಟ ಸಿಕ್ಕಿದ್ದು ಒಬ್ಬರಿಗೆ ಮಾತ್ರ, ಶಮಿಗೆ. ನಾಯಕರಾಗಿದ್ದ ಕೊಹ್ಲಿ ಪತ್ರಕರ್ತರ ಮುಂದೆ ಕುಳಿತು, ಧರ್ಮದ ಹೆಸರಿನಲ್ಲಿ ಒಬ್ಬನ ಮೇಲೆ ದಾಳಿ ಮಾಡುವುದು ಅತ್ಯಂತ ಹೀನ ಕೃತ್ಯ ಎಂಬರ್ಥದಲ್ಲಿ ನೇರವಾಗಿ ಮಾತಾಡಿದರು. ಆಗ ಕೊಹ್ಲಿಯ ವರ್ಷ ತುಂಬದ ಹಸುಗೂಸಿಗೇ ಬೆದರಿಕೆ ಬಂತು. ಮುಂಬೈ ಪೊಲೀಸರು ಹೈದರಾಬಾದ್‌ನಲ್ಲಿ ಒಬ್ಬ ಯುವಕನನ್ನು ಬಂಧಿಸಬೇಕಾಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ, ಅದೇ ದುಬೈಯಲ್ಲಿ ಪಾಕಿಸ್ತಾನದ ವಿರುದ್ಧ ಒಂದು ಕ್ಯಾಚ್ ಬಿಟ್ಟ ತಪ್ಪಿಗೆ ಸಿಖ್ ಯುವಕ ಅರ್ಶದೀಪ್ ಸಿಂಗ್‌ರನ್ನು ಖಾಲಿಸ್ತಾನಿ ಎಂದು ಕರೆದರು. ಕ್ಯಾಚ್ ಬಿಡದ ಆಟಗಾರ ಲೋಕದಲ್ಲಿ ಇದ್ದಾನೆಯೇ?

ಇವೆಲ್ಲ ಲೆಕ್ಕ ಕೇಳುವುದಲ್ಲ. ಮೊದಲೇ ಇದ್ದ ದ್ವೇಷಕ್ಕೆ ಒಂದು ಸೋಲು ನೆಪವಾಯಿತು, ಅಷ್ಟೇ. ಶಮಿಯ 3.5 ಓವರ್‌ಗಳಲ್ಲಿ 43 ರನ್ ಹೋಯಿತು ಎಂದು ಟೀಕಿಸಿ, ಅದರಲ್ಲಿ ತಪ್ಪಿಲ್ಲ. ಆತ ಮುಸ್ಲಿಮ್ ಎಂಬ ಕಾರಣಕ್ಕೆ ಆ ಟೀಕೆಯಿಂದ ಆತನಿಗೆ ವಿನಾಯಿತಿ ಕೊಡಿ ಎಂದೂ ನಾವು ಕೇಳುವುದಿಲ್ಲ. ಉಳಿದ ಬೌಲರ್‌ಗಳನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರೋ ಅದೇ ತಕ್ಕಡಿಯಲ್ಲಿ ತೂಗಿ ಎನ್ನುತ್ತೇವೆ. ಅದೇ ಶಮಿ 2023ರ ವಿಶ್ವಕಪ್‌ನಲ್ಲಿ 7 ಪಂದ್ಯಗಳಲ್ಲಿ 24 ವಿಕೆಟ್ ಪಡೆದರು. ಅವರ ದೇಶಪ್ರೇಮಕ್ಕೆ ಸಾಕ್ಷಿ ಎಂದು ಇದನ್ನು ಹೇಳುತ್ತಿಲ್ಲ. ವಿಕೆಟ್ ಸಿಗದ ದಿನವೂ ಅವರಿಗೆ ಆ ಸಾಕ್ಷಿ ಬೇಕಿರಲಿಲ್ಲ.

ಹಾಗಾದರೆ ಲೆಕ್ಕ ಕೇಳಬೇಕಾದ ಮಂಡಳಿ ಏನು ಮಾಡುತ್ತಿದೆ? 2007ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ನಡೆದ ವಿಶ್ವಕಪ್‌ನ ಮೊದಲ ಹಂತದಲ್ಲೇ, ಬಾಂಗ್ಲಾದೇಶ ಮತ್ತು ಶ್ರೀಲಂಕಾ ವಿರುದ್ಧ ಸೋತು ಭಾರತ ಹೊರಬಿತ್ತು. ನಾಯಕರಾಗಿದ್ದವರು ನಮ್ಮ ರಾಹುಲ್ ದ್ರಾವಿಡ್. ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಯ ಮೇಲೆ ಗುಂಪು ನುಗ್ಗಿತು. ಮಂಡಳಿ ಏಪ್ರಿಲ್‌ನಲ್ಲಿ ಸಭೆ ಸೇರಿ, ಒಬ್ಬ ಆಟಗಾರ ಮೂರಕ್ಕಿಂತ ಹೆಚ್ಚು ಜಾಹೀರಾತು ಒಪ್ಪಂದ ಮಾಡುವಂತಿಲ್ಲ, ಸಂಭಾವನೆ ಆಟಕ್ಕೆ ತಕ್ಕಂತೆ ಎಂದೆಲ್ಲ ತೀರ್ಮಾನಿಸಿತು. ಜನರ ಸಿಟ್ಟು ಇಳಿದಂತೆ ಆ ತೀರ್ಮಾನವೂ ತಣ್ಣಗಾಯಿತು. 2022ರ ನವೆಂಬರ್‌ನಲ್ಲಿ ಟಿ20 ವಿಶ್ವಕಪ್ ಸೋತಾಗ ಇಡೀ ಆಯ್ಕೆ ಸಮಿತಿಯನ್ನು ಮನೆಗೆ ಕಳುಹಿಸಿದರು. ಎರಡು ತಿಂಗಳೂ ಆಗುವ ಮೊದಲೇ ಅದೇ ಚೇತನ್ ಶರ್ಮರನ್ನು ಮತ್ತೆ ತಂದು ಅದೇ ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದರು!

2024ರ ಕೊನೆಯಲ್ಲಿ ತವರಿನಲ್ಲೇ ನ್ಯೂಝಿಲೆಂಡ್ ವಿರುದ್ಧ ಮೂರೂ ಟೆಸ್ಟ್ ಸೋತೆವು. ಬೆಂಗಳೂರಿನಲ್ಲಂತೂ ಇಡೀ ತಂಡ 46ಕ್ಕೆ ಔಟ್. ನಂತರ ಆಸ್ಟ್ರೇಲಿಯಾದಲ್ಲೂ ಸೋಲು. 2025ರ ಜನವರಿಯಲ್ಲಿ ಮಂಡಳಿ ಹತ್ತು ಅಂಶಗಳ ನಿಯಮ ತಂದಿತು. ದೇಶೀಯ ಪಂದ್ಯಗಳಲ್ಲಿ ಆಡಲೇಬೇಕು ಎಂಬ ನಿಯಮ ಅದರಲ್ಲಿತ್ತು. ಬಹಳ ಒಳ್ಳೆಯ ನಿಯಮ. ರೋಹಿತ್ ಶರ್ಮ, ಕೊಹ್ಲಿಯಂತಹವರೂ ವರ್ಷಗಳ ನಂತರ ರಣಜಿ ಪಂದ್ಯಕ್ಕೆ ಇಳಿದರು. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ನಿಯಮವೂ ಇತ್ತು: 45 ದಿನಗಳಿಗಿಂತ ದೀರ್ಘವಾದ ವಿದೇಶ ಪ್ರವಾಸದಲ್ಲೂ ಹೆಂಡತಿ ಮಕ್ಕಳು ಎರಡು ವಾರ ಮಾತ್ರ ಜೊತೆಗಿರಬಹುದು. ಶಿಸ್ತಿಗಾಗಿ ಎಂದರು. ಇರಲಿ. ಆದರೆ 46ಕ್ಕೆ ಔಟಾದದ್ದು ಬೆಂಗಳೂರಿನಲ್ಲಿ, ವಿದೇಶದಲ್ಲಲ್ಲ. ನನ್ನ ಅತ್ತೆ ಆ ಸಭೆಯಲ್ಲಿದ್ದರೆ ಅದೇ ಪ್ರಶ್ನೆ ಕೇಳುತ್ತಿದ್ದರೋ ಏನೋ.

ಆಟಗಾರನ ಒಂದು ಸೊನ್ನೆಗೆ ನಾವು ಒಂದು ವಾರ ಚರ್ಚಿಸುತ್ತೇವೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳಕೊಂಡರು. ಬೆಳಿಗ್ಗೆ ಮನೆಯಿಂದ ಹೊರಟ ಮಕ್ಕಳು ಸಂಜೆ ಮರಳಲಿಲ್ಲ. ಹೊಣೆ ಯಾರದ್ದು ಎಂದಾಗ ಸರಕಾರ, ಪೊಲೀಸರು, ಫ್ರಾಂಚೈಸಿ, ಕ್ರಿಕೆಟ್ ಸಂಸ್ಥೆ ಒಬ್ಬರತ್ತ ಒಬ್ಬರು ಬೆರಳು ತೋರಿಸಿದರು. ಬ್ಯಾಟ್ ಹಿಡಿದವನ ಲೆಕ್ಕ ಎಲ್ಲರಿಗೂ ಬಾಯಿಪಾಠ. ಕುರ್ಚಿ ಹಿಡಿದವರ ಲೆಕ್ಕವನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಡವೇ?

ಹೆಣ್ಣುಮಕ್ಕಳ ಒಂದು ಉದಾಹರಣೆ ಕೊಡದಿದ್ದರೆ ಈ ಬರಹ ಪೂರ್ತಿಯಾಗದು. 2022ರ ಅಕ್ಟೋಬರ್‌ನಲ್ಲಿ ಪುರುಷರಷ್ಟೇ ಪಂದ್ಯ ಶುಲ್ಕವನ್ನು ಮಹಿಳಾ ಆಟಗಾರರಿಗೂ ಘೋಷಿಸಲಾಯಿತು. 2025ರ ಮಹಿಳಾ ವಿಶ್ವಕಪ್‌ನಲ್ಲಿ ಭಾರತ ಸತತ ಮೂರು ಪಂದ್ಯ ಸೋತಾಗ, ಸಮಾನ ಹಣ ಕೊಟ್ಟದ್ದು ಇದಕ್ಕೇನಾ ಎಂಬ ಮಾತು ನಮ್ಮ ಓಣಿಯಲ್ಲೂ ಕೇಳಿಬಂತು. ಜೆಮಿಮಾ ರಾಡ್ರಿಗಸ್‌ರನ್ನು ಇಂಗ್ಲೆಂಡ್ ವಿರುದ್ಧದ ಪಂದ್ಯದಿಂದ ಕೈಬಿಡಲಾಯಿತು. ಅದು ಕೆಟ್ಟ ಆಟಕ್ಕೆ ಕೇಳಿದ ನ್ಯಾಯವಾದ ಲೆಕ್ಕ. ಆದರೆ ಒಂದು ಪಂದ್ಯದ ನಂತರ ಮರಳಿ ಕರೆದರು. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದ 338 ರನ್‌ಗಳನ್ನು ಬೆನ್ನಟ್ಟುವಾಗ ಆಕೆ ಔಟಾಗದೆ 127 ರನ್ ಗಳಿಸಿದರು. ಆ ಪ್ರವಾಸದಲ್ಲಿ ಬಹುತೇಕ ಪ್ರತಿದಿನ ಅತ್ತಿದ್ದೇನೆ ಎಂದು ಪಂದ್ಯದ ನಂತರ ಅವರು ಎಲ್ಲರ ಮುಂದೆ ಹೇಳಿಕೊಂಡರು. ನವೆಂಬರ್ 2ರಂದು ನವಿ ಮುಂಬೈಯಲ್ಲಿ ಕಪ್ ಬಂತು. ಸೋತ ಮೂರು ಪಂದ್ಯಗಳ ನಂತರ ಆ ಹುಡುಗಿಯರ ಕೈ ಬಿಟ್ಟಿದ್ದರೆ?

ಕೊನೆಯದಾಗಿ ನನ್ನದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದಿನ ಮಾತು. ಕಿರುಪರೀಕ್ಷೆಯ ಉತ್ತರ ಪತ್ರಿಕೆ ಹಂಚುವಾಗ ಒಬ್ಬಳು ವಿದ್ಯಾರ್ಥಿನಿಗೆ ಗಣಿತದಲ್ಲಿ 25ಕ್ಕೆ 4 ಬಂದಿತ್ತು. ನಾನು ಎಲ್ಲರಿಗೂ ಕೇಳುವಂತೆ ಅಂಕ ಓದಿ, "ನಿನ್ನ ತಂದೆ ಬಿಸಿಲಲ್ಲಿ ದುಡಿದು ಫೀಸ್ ಕಟ್ಟುತ್ತಾರೆ. ನೀನು ತಂದದ್ದು ಇಷ್ಟೇನಾ?" ಎಂದೆ. ತರಗತಿ ನಕ್ಕಿತು. ಮರುದಿನದಿಂದ ಅವಳು ಕೈ ಎತ್ತುವುದನ್ನೇ ನಿಲ್ಲಿಸಿದಳು. ಅವಳಿಗೆ ಭಾಗಾಕಾರವೇ ಬರುತ್ತಿರಲಿಲ್ಲ ಎಂದು ನನಗೆ ತಿಳಿಯಲು ಎರಡು ತಿಂಗಳು ಹಿಡಿಯಿತು. ಆ ದಿನ ಬದಿಗೆ ಕರೆದು ಕೇಳಿದ್ದರೆ ಐದು ನಿಮಿಷ ಸಾಕಿತ್ತು. "ಇಷ್ಟು ಕೊಟ್ಟಿದ್ದೇವೆ, ಇಷ್ಟೇನಾ ಕೊಟ್ಟದ್ದು?" ಎಂಬ ಪ್ರಶ್ನೆ ಮೈದಾನದ್ದು ಮಾತ್ರವಲ್ಲ, ನಮ್ಮ ಊಟದ ಚಾಪೆಯದ್ದೂ ಹೌದು. ನೆಂಟರ ಮುಂದೆ ಮಗನ ಅಂಕಪಟ್ಟಿ ಬಿಡಿಸುವಾಗ, ಅಕ್ಕನ ಮಗಳ ಜೊತೆ ನಮ್ಮ ಮಗಳನ್ನು ಹೋಲಿಸುವಾಗ, ನಾವೂ ಮೈದಾನದ ಅಂಚಿನಲ್ಲಿ ನಿಂತ ಆ ಮಾಲಕರಂತೆಯೇ ಕಾಣುತ್ತೇವೆ. ಕೇಳುವುದನ್ನು ಬಿಡಬೇಕಿಲ್ಲ. ಕೇಳುವ ಜಾಗ ಮತ್ತು ಹೊತ್ತನ್ನು ಆರಿಸಿಕೊಂಡರೆ ಸಾಕು.

2025ರ ಜುಲೈನಲ್ಲಿ ರಾಹುಲ್ ಲಾರ್ಡ್ಸ್‌ನಲ್ಲಿ ಶತಕ ಹೊಡೆದಾಗ ಮಗ ಪಿಯುಸಿಯಲ್ಲಿದ್ದ. ಮೊಬೈಲ್‌ನಲ್ಲಿ ನೋಡುತ್ತಿದ್ದವನು ಅಡುಗೆ ಮನೆಗೆ ಬಂದು, "ಅಮ್ಮೀ, ಫೈನಲ್ ದಿನ ನಾನು ದುಡ್ಡು ವಾಪಸ್ ಕೊಡಲಿ ಅಂದಿದ್ದೆ, ನೆನಪಿದೆಯಾ?" ಎಂದ.

"ನೆನಪಿದೆ. ಹಾಗೆ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ" ಎಂದೆ.

"ದಾದಿ ಕೇಳಿದ್ದು?"

"ಅದಕ್ಕೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ."

ಅವನು ನಕ್ಕು, ಅಜ್ಜಿಯ ಕೋಣೆಯತ್ತ ಹೋದ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಮುಂದಿನ ಸಲ ನಿಮ್ಮ ಮನೆಯ ಟಿವಿಯ ಮುಂದೆ ಒಂದು ವಿಕೆಟ್ ಬಿದ್ದಾಗ, ಆಟದ ಬಗ್ಗೆ ಮಕ್ಕಳು ಏನು ಬೇಕಾದರೂ ಕೇಳಲಿ, ಬಿಡಿ. ಮಾತು ಆಟಗಾರನ ಮನೆಯವರ ಕಡೆಗೋ ಅವನ ಧರ್ಮದ ಕಡೆಗೋ ತಿರುಗಿದರೆ ಮಾತ್ರ, ನನ್ನ ಅತ್ತೆಯ ಆ ಒಂದು ಪ್ರಶ್ನೆಯನ್ನು ನೀವೂ ಕೇಳಿಬಿಡಿ.